ಕಿವುಡ ಅಡುಗೆಯವನು ಸತ್ತ ಸಿನಿಮಾ

ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ನನ್ನ ಮನೆ ಅಲ್ಲೇ, ಕೆಲಸ ಮಾತ್ರ ಮೊದಲಿನಿಂದಲೂ ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ. ಬೆಳಿಗ್ಗೆ ತೆರಕಣಾಂಬಿ ದಾರಿಯ ಬಸ್ಸು ಹತ್ತಿ ಹೋಗುವುದು, ದಿನವಿಡೀ ಟೈಪು ಹೊಡೆಯುವುದು, ಸಂಜೆ ಅದೇ ದಾರಿಯಲ್ಲಿ ಮನೆಗೆ ಬರುವುದು. ಈ ಓಡಾಟ ನನಗೆ ಬೇಸರ ತಂದದ್ದೇ ಇಲ್ಲ. ಪಕ್ಕದ ಸೀಟಿನಲ್ಲಿ ನನ್ನ ಗೆಳತಿ ಇರುತ್ತಿದ್ದಳು.

ಅವಳು ಕುದೇರಿನವಳು. ಚಾಮರಾಜನಗರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಗುಂಡ್ಲುಪೇಟೆಯ ಪ್ರೈಮರಿ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದಳು. ಒರಟು ಮಾತು, ದೊಡ್ಡ ನಗು. ಡ್ರೈವರನ ಹಿಂದಿನ ಇಬ್ಬರ ಸೀಟು ನಮ್ಮದು ಎಂದು ಇಡೀ ಬಸ್ಸಿಗೆ ಗೊತ್ತಿತ್ತು. ನಾನು ತಡವಾದರೆ ಅವಳು ಅದರ ಮೇಲೆ ಬ್ಯಾಗಿಟ್ಟು, ಕೇಳಿದವರಿಗೆಲ್ಲ ಜನ ಅವ್ರೆ ಎನ್ನುತ್ತಿದ್ದಳು. ಆ ‘ಜನ’ ನಾನು. ನನ್ನ ವಯಸ್ಸಿನವರೆಲ್ಲ ಆಗಲೇ ಮದುವೆಯಾಗಿ ಹೋಗಿದ್ದರು. ನನಗೆ ಬೇರೆ ಯಾರೂ ಇರಲಿಲ್ಲ, ಬೇಕು ಅಂತಲೂ ಅನಿಸಿರಲಿಲ್ಲ.

ನಾವಿಬ್ಬರೂ ಹತ್ತಿರವಾದದ್ದು ಒಂದು ಇಂಗ್ಲಿಷ್ ಸಿನಿಮಾದಿಂದ. ಒಂದು ಭಾನುವಾರ ಮ್ಯಾಟಿನಿಗೆ ಕನ್ನಡದ ಸಿನಿಮಾ ನೋಡಲು ಹೋಗಿದ್ದೆವು. ಅದರ ರೀಲು ಮೈಸೂರಿನಿಂದ ಬಂದಿರಲಿಲ್ಲವೆಂದು ಟಾಕೀಸಿನವರು ಬೇರೆ ಒಂದನ್ನು ಹಾಕಿಬಿಟ್ಟರು. ಹಿಮದ ಬೆಟ್ಟದ ಮೇಲೆ ದೊಡ್ಡ ದೊಡ್ಡ ಯಂತ್ರಗಳನ್ನು ನಿಲ್ಲಿಸಿಕೊಂಡು ಆಕಾಶದ ಸದ್ದು ಆಲಿಸುವ ವಿಜ್ಞಾನಿಗಳ ಕಥೆ. ಒಂದು ದಿನ ಬೇರೆ ಲೋಕದಿಂದ ಏನೋ ಒಂದು ಆ ಯಂತ್ರದೊಳಕ್ಕೆ ಇಳಿಯುತ್ತದೆ. ಅದಕ್ಕೆ ಮೈಯಿಲ್ಲ, ಬರೀ ದನಿ. ಸತ್ತವರ ದನಿಯಲ್ಲಿ, ಹೆಂಡತಿಯ ದನಿಯಲ್ಲಿ, ತಾಯಿಯ ದನಿಯಲ್ಲಿ ಹೊರಗಿನಿಂದ ಹೆಸರು ಹಿಡಿದು ಕರೆಯುತ್ತದೆ. ಓಗೊಟ್ಟವರು ಬಾಗಿಲು ತೆಗೆದು ಹಿಮದಲ್ಲಿ ನಡೆದುಹೋಗಿ ಸಾಯುತ್ತಾರೆ. ನಮಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಕತೆ ಗೊತ್ತಾಗದೆ ಇರಲಿಲ್ಲ. ಹೆಸರು ಕರೆಯುವ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡ ಸೀಮೆಯವರಲ್ಲವೇ ನಾವು. ಕೊನೆಗೆ ಉಳಿಯುವವರು ಇಬ್ಬರೇ. ಯಂತ್ರ ರಿಪೇರಿ ಮಾಡುವ ಒಬ್ಬ ಹೆಂಗಸು, ಮತ್ತು ಅಲ್ಲಿನ ಅಡುಗೆಯವನಾದ ಒಬ್ಬ ಕಿವುಡ ಮುದುಕ. ಅವನಿಗೆ ದನಿ ಕೇಳುವುದೇ ಇಲ್ಲವಲ್ಲ. ಅವಳು ತನ್ನ ಕಿವಿಗೆ ಅರಳೆ ತುರುಕಿಕೊಂಡು ಅವನ ಕೈಹಿಡಿದು ಬೆಟ್ಟ ಇಳಿಯುತ್ತಾಳೆ.

ಸಿನಿಮಾ ಉದ್ದಕ್ಕೂ ಗೆಳತಿ ನನ್ನ ತೋಳು ಹಿಡಿದೇ ಇದ್ದಳು. ಹೊರಗೆ ಬಂದಾಗ ಅವಳ ಉಗುರಿನ ಗುರುತು ಮೂಡಿತ್ತು. ಆಮೇಲೆ ಅದು ನಮ್ಮ ಆಟವಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಅವಳು ಹಿಂದಿನಿಂದ ದನಿ ಬದಲಾಯಿಸಿ ನನ್ನ ಹೆಸರು ಕರೆಯುವಳು, ನಾನು ತಿರುಗುವಂತಿಲ್ಲ. ತಿರುಗಿದರೆ ಸತ್ತೆ. ನಗು ತಡೆದು ನೆಟ್ಟಗೆ ನಿಂತಿರುತ್ತಿದ್ದೆ. ಆ ಮುದುಕ ಅಡುಗೆಯವನು ಈಗ ಎಲ್ಲಿರಬಹುದು, ಆ ರಿಪೇರಿ ಹೆಂಗಸಿನ ಮನೆಯಲ್ಲೇ ಅಡುಗೆ ಮಾಡಿಕೊಂಡಿರಬಹುದೇ ಎಂದು ಸುಮ್ಮಸುಮ್ಮನೆ ಮಾತಾಡಿಕೊಳ್ಳುತ್ತಿದ್ದೆವು.

ಜಿಲ್ಲೆಯಾದ ಮೇಲೆ ವರ್ಗಾವಣೆಗಳು ಹೆಚ್ಚಾದವು, ಬಸ್ಸಿಗೆ ಹೊಸ ಮುಖಗಳು ಬಂದವು. ಅದರಲ್ಲೊಬ್ಬಳು ಗುಂಡ್ಲುಪೇಟೆ ಆಸ್ಪತ್ರೆಗೆ ಬಂದ ನರ್ಸು. ಪುಣಜನೂರಿನವಳು, ಕಾಡಂಚಿನವಳು, ಚಾಮರಾಜನಗರದಲ್ಲಿ ರೂಮು ಮಾಡಿಕೊಂಡಿದ್ದಳು. ಕನ್ನಡದಷ್ಟೇ ತಮಿಳನ್ನೂ ಮಾತಾಡುತ್ತಿದ್ದಳು. ಕಪ್ಪಗೆ ತೆಳ್ಳಗೆ, ಕೂದಲು ಬಿಗಿದು ಕಟ್ಟಿ, ಯಾವಾಗಲೂ ಏನೋ ಯೋಚಿಸುತ್ತಿರುವಂತೆ ಇರುತ್ತಿದ್ದಳು. ಮೊದಮೊದಲು ನಮ್ಮ ಪಕ್ಕ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಗೆಳತಿ ಅವಳ ಬ್ಯಾಗನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನನಗೆ ಅದು ಅಂದೇ ಹಿಡಿಸಲಿಲ್ಲ. ಬ್ಯಾಗು ತೊಡೆ ಏರಿದ ಮೇಲೆ ಮಾತು ಶುರುವಾಗಲೇಬೇಕು.

ಆ ಬೇಸಿಗೆಯಲ್ಲಿ ನನಗೆ ಸಿಡುಬಿನಂಥ ಗುಳ್ಳೆ ಎದ್ದವು. ಅಮ್ಮ ಬಂದವಳೆ ಅಂತ ನನ್ನ ತಾಯಿ ಬೇವಿನಸೊಪ್ಪು ಹಾಸಿ ನಡುಮನೆಯಲ್ಲಿ ಮಲಗಿಸಿದರು. ಸ್ನಾನವಿಲ್ಲ, ಒಗ್ಗರಣೆಯಿಲ್ಲ, ಹೊರಗಿನವರು ಬರುವಂತಿಲ್ಲ. ಗೆಳತಿ ಬರಲಿಲ್ಲ. ಅವಳಿಗೆ ಚಿಕ್ಕವಳಿದ್ದಾಗ ಅದು ಆಗಿರಲಿಲ್ಲವಂತೆ, ಅದಕ್ಕೆ ನರ್ಸು ಹೋಗಬೇಡ ಎಂದಳಂತೆ. ಇದನ್ನು ನನ್ನ ತಮ್ಮ ಬಂದು ಹೇಳಿದ. ವೈದ್ಯಕೀಯವಾಗಿ ಅದು ಸರಿಯಾದ ಮಾತೇ. ಆದರೆ ಬೇವಿನಸೊಪ್ಪಿನ ಮೇಲೆ ಮಲಗಿದವಳಿಗೆ ಅದರಲ್ಲಿ ಬೇರೆಯೇ ಏನೋ ಕೇಳಿಸಿತು. ನನ್ನ ಸೀಟಿನಲ್ಲಿ ಈಗ ಅವಳು ಕೂತಿರುತ್ತಾಳೆ ಎಂದು ನೆನೆದರೆ ಗುಳ್ಳೆಗಿಂತ ಹೆಚ್ಚು ಉರಿಯುತ್ತಿತ್ತು.

ನಾನು ಮಲಗಿದ್ದಾಗಲೇ ಆ ಸಿನಿಮಾದ ಎರಡನೇ ಭಾಗ ಊರಿಗೆ ಬಂತು. ಈ ಸಲ ತಮಿಳು ಮಾತು ಹಾಕಿದ ಪ್ರಿಂಟು. ಅವರಿಬ್ಬರೂ ಹೋಗಿ ನೋಡಿದರು. ಗೆಳತಿಗೆ ತಮಿಳು ಬಾರದು. ನರ್ಸು ಪೂರ್ತಿ ಸಿನಿಮಾವನ್ನು ಅವಳ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದಳಂತೆ.

ನಾನು ಮತ್ತೆ ಬಸ್ಸಿಗೆ ಬಂದ ದಿನ ಸೀಟು ಖಾಲಿಯೇ ಇತ್ತು, ಬ್ಯಾಗು ಇಟ್ಟೇ ಇತ್ತು. ಆದರೆ ಗೆಳತಿ ಕೇಳುವ ಮೊದಲೇ ಹೇಳಿಬಿಟ್ಟಳು. ವಾರದಲ್ಲಿ ತೆಗೆದುಬಿಡ್ತಾರೆ ಅಂದರು, ಅದಕ್ಕೇ ಹೋದೆವು, ಸಿನಿಮಾ ಭಾರಿ ಚೆನ್ನಾಗಿದೆ, ಮೊದಲನೆಯದಕ್ಕಿಂತಲೂ ಚೆನ್ನಾಗಿದೆ ಎಂದಳು. ನಾನು ಮುಖ ಕಿಟಕಿಗೆ ತಿರುಗಿಸಿಕೊಂಡು ಅಡುಗೆಯವನು ಹೇಗಿದ್ದಾನೆ ಎಂದು ಕೇಳಿದೆ. ಸತ್ತೋದ, ಶುರುನಲ್ಲೇ ಎಂದಳು. ಎಷ್ಟು ಸಲೀಸಾಗಿ ಹೇಳಿದಳೆಂದರೆ ನನಗೆ ಅವಳು ಯಾರೋ ಅನಿಸಿತು. ಅಷ್ಟರಲ್ಲಿ ಬಸ್ಸಿನ ಬಾಗಿಲ ಬಳಿ ನರ್ಸು ಹತ್ತಿದಳು. ಗೆಳತಿ ದನಿ ಬದಲಾಯಿಸಿ ಅವಳ ಹೆಸರು ಕರೆದಳು. ನರ್ಸು ತಿರುಗಲಿಲ್ಲ. ಕಂಬಿ ಹಿಡಿದು ನೆಟ್ಟಗೆ ನಿಂತು, ತುಟಿ ಬಿಗಿದು ನಕ್ಕಳು.

ಆ ಆಟ ನಮ್ಮಿಬ್ಬರದಾಗಿತ್ತು. ಅದನ್ನು ಇವಳಿಗೂ ಕಲಿಸಿದ್ದಾಳೆ. ಆ ಕ್ಷಣದಲ್ಲೇ, ನೋಡುವುದಕ್ಕೂ ಮೊದಲೇ, ಆ ಸಿನಿಮಾ ನನಗೆ ಆಗಿಬರಲಿಲ್ಲ.

ನೋಡದೆ ಜಗಳವಾಡುವಂತಿರಲಿಲ್ಲ. ತೆಗೆದುಬಿಡುತ್ತಾರೆ ಅಂದ ಸಿನಿಮಾ ಇನ್ನೂ ಓಡುತ್ತಲೇ ಇತ್ತು. ಶನಿವಾರ ತಾಯಿಯನ್ನು ಹೊರಡಿಸಿಕೊಂಡು ಮ್ಯಾಟಿನಿಗೆ ಹೋದೆ. ಅವರ ತವರು ತಾಳವಾಡಿ ಕಡೆ, ತಮಿಳು ನೀರು ಕುಡಿದಂತೆ. ನನಗೂ ಕಿವಿಯಲ್ಲಿ ಹೇಳುವವರು ಒಬ್ಬರು ಬೇಕಿತ್ತು. ಎರಡನೇ ಭಾಗ ಬಹಳ ಕತ್ತಲೆಯ ಸಿನಿಮಾ. ಅರ್ಧ ಹೊತ್ತು ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ, ಉಸಿರಿನ ಸದ್ದು, ಗಾಳಿಯ ಸದ್ದು ಅಷ್ಟೇ. ಬೆಟ್ಟದ ಬುಡದ ಗಣಿಯೂರಿನಲ್ಲಿ ಆ ಹೆಂಗಸನ್ನೂ ಮುದುಕನನ್ನೂ ಉಳಿಸಿಕೊಂಡಿರುತ್ತಾರೆ. ಒಂದು ಬೆಳಿಗ್ಗೆ ಮುದುಕ ಹಿಮದಲ್ಲಿ ಸತ್ತುಬಿದ್ದಿರುತ್ತಾನೆ, ಹಿಂದೆ ಹಿಮ ಕುಸಿದು ಬರುವ ಸದ್ದು ಅವನಿಗೆ ಕೇಳಿಸಿರಲಿಲ್ಲ. ಆಮೇಲೆ ಗೊತ್ತಾಗುತ್ತದೆ, ಆ ದನಿ ಈಗ ಹೊರಗಿಲ್ಲ, ಅವಳೊಳಗೇ ಸೇರಿಕೊಂಡಿದೆ. ಅವಳು ಬಾಯಿ ತೆರೆದರೆ ಊರಿನವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಅವಳು ಮಾತು ಬಿಡುತ್ತಾಳೆ. ಗಣಿಯ ಕಬ್ಬಿಣದ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳುತ್ತಾಳೆ. ಬೆಳಗಾಗುತ್ತದೆ. ಆದರೂ ಆ ದನಿ ಅವಳ ಬಾಯಿಂದ ತಾನೇ ತಾನಾಗಿ ಹೊರಡುತ್ತದೆ. ಆಗ ಅವಳು ಗಣಿಯ ಇನ್ನೊಂದು ತುದಿಯಿಂದ ಹೊರಬಂದು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುತ್ತಾಳೆ. ಮಂಜು ಒಡೆದು ಒಳಗೆ ಇಳಿಯುತ್ತಾಳೆ. ಸಿನಿಮಾ ಮುಗಿಯಿತು.

ಜನ ಶಿಳ್ಳೆ ಹೊಡೆದು ಬೈದರು. ಒಬ್ಬ ಚಪ್ಪಲಿ ಎಸೆದ. ನನ್ನ ತಾಯಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಹೆಣ್ಣು ಮಗಳು ಗಟ್ಟಿಗಿತ್ತಿ ಎಂದರು. ಮನೆಯವರೆಗೂ ಅದನ್ನೇ ಹೇಳಿದರು. ನನಗೆ ತಾಯಿಯೂ ನರ್ಸಿನ ಕಡೆ ಸೇರಿಬಿಟ್ಟರಲ್ಲ ಎಂಬ ಸಂಕಟ.

ಸೋಮವಾರದಿಂದ ಬಸ್ಸು ಇಬ್ಭಾಗವಾಯಿತು. ನಾನು ಶುರು ಮಾಡಿದೆ. ಮೊದಲ ಭಾಗದಲ್ಲಿ ಅಷ್ಟು ಕಷ್ಟಪಟ್ಟು ಉಳಿಸಿದ ಮುದುಕನನ್ನು ಹೀಗೆ ಸುಮ್ಮನೆ ಸಾಯಿಸುವುದಾದರೆ ನಾವು ಅಂದು ಕೂತು ನೋಡಿದ್ದೇಕೆ ಎಂದೆ. ಅದು ಬೆಪ್ಪರಿಗಾಗಿ ಮಾಡಿದ ಸಿನಿಮಾ ಎಂದೆ. ನಮ್ಮ ಕಚೇರಿಯ ಹಿರಿಯ ಗುಮಾಸ್ತರು, ಅವರೂ ಅದೇ ಬಸ್ಸಿನವರು, ನನ್ನ ಪಕ್ಷಕ್ಕೆ ಬಂದರು. ಎರಡನೇ ಭಾಗ ಅಂದರೆ ಯಾವಾಗಲೂ ಹೀಗೇ, ಕಾಸಿಗೆ ಮಾಡುವುದು ಎಂದರು. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ನರ್ಸಿನ ಪಕ್ಷ. ಕಂಡಕ್ಟರ್ ಸತ್ಯಮಂಗಲಕ್ಕೆ ಡ್ಯೂಟಿ ಹೋದಾಗ ಅಲ್ಲೇ ನೋಡಿದ್ದನಂತೆ. ಟಿಕೆಟು ಹರಿಯುತ್ತಲೇ, ಎದೆ ಗಟ್ಟಿ ಇರೋರು ನೋಡೋ ಪಿಚ್ಚರ್ ಅದು ಅಂದ. ನಾನು ಅವನ ಹತ್ತಿರ ಚಿಲ್ಲರೆ ಕೇಳುವುದನ್ನೂ ಬಿಟ್ಟೆ.

ನರ್ಸು ವಾದ ಮಾಡುತ್ತಿರಲಿಲ್ಲ. ನಾನು ಎಷ್ಟೇ ಜೋರಾಗಿ ಹೇಳಿದರೂ, ನಂಗೇನೋ ಅದೇ ನಿಜ ಅನ್ನಿಸ್ತು ಎಂದಷ್ಟೇ ಅನ್ನುವಳು. ಗೆಳತಿ ಹೂಂ ಅನ್ನುವಳು. ಆ ಹೂಂ ನನ್ನನ್ನು ಸುಡುತ್ತಿತ್ತು. ಕನ್ನಡದ ಎಷ್ಟು ಸಿನಿಮಾ ನಾವಿಬ್ಬರೂ ಸೇರಿ ಬೈದಿಲ್ಲ, ಎಷ್ಟು ಸೇರಿ ಹೊಗಳಿಲ್ಲ. ಅಭಿಪ್ರಾಯ ಎಂಬುದು ನಮ್ಮಿಬ್ಬರಿಗೂ ಸೇರಿ ಒಂದೇ ಇತ್ತು. ಈಗ ಅವಳ ಪಾಲು ಎದ್ದುಹೋಗಿ ಬೇರೆಯವರ ಜೊತೆ ಕೂತಿತ್ತು.

ಒಂದು ಸಂಜೆ ತೆರಕಣಾಂಬಿ ಹತ್ತಿರ ಬಸ್ಸಿನ ಟಯರು ಪಂಕ್ಚರ್ ಆಯಿತು. ಎಲ್ಲರೂ ಇಳಿದು ಹುಣಸೆಮರದ ನೆರಳಿಗೆ ನಿಂತೆವು. ಬದಿಯ ಹೊಲದಲ್ಲಿ ಅರಿಸಿನ ಅಗೆದು ಹಾಕಿದ್ದರು. ನರ್ಸಿಗೆ ಅಂದು ರಾತ್ರಿಪಾಳಿ, ಅವಳು ಬಸ್ಸಿನಲ್ಲಿರಲಿಲ್ಲ. ಇದೇ ಸಮಯ ಎಂದು ನಾನು ಗೆಳತಿಗೆ ಮತ್ತೆ ಆ ಸಿನಿಮಾದ ಕುಂದುಗಳನ್ನೆಲ್ಲ ಹೇಳತೊಡಗಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಕಾಲಲ್ಲಿ ಕಲ್ಲೊಂದನ್ನು ಸರಿಸುತ್ತಾ ಹೇಳಿದಳು.

“ನಿಂಗೆ ಸಿನ್ಮಾ ಮ್ಯಾಲೆ ಸಿಟ್ಟಿಲ್ಲ ಕಣಮ್ಮಿ. ನನ್ ಮ್ಯಾಲೆ.”

“ನಿನ್ ಮ್ಯಾಲೆ ಯಾಕ್ ಸಿಟ್ಟು ನಂಗೆ?”

“ಅವ್ಳು ನಂಗೆ ಬೇಕಾದೋಳಾಗ್ಬುಟ್ಳು ಅಂತ. ಅವ್ಳು ಬಂದ್ಳು ಅಂದ್ರೆ ನೀನು ಓದೆ ಅಂತನಾ? ನಂಗೆ ಇಬ್ರೂ ಬೇಕು. ನೀನು ಒಬ್ಳೇ ಬೇಕು ಅಂದ್ರೆ ಆಗಕ್ಕಿಲ್ಲ, ಬುಡು.”

ಸುತ್ತ ಜನರಿದ್ದರು. ನಾನು, ಅದೆಲ್ಲ ಏನಿಲ್ಲ, ಅಡುಗೆಯವನು ಸಾಯಬಾರದಿತ್ತು ಅಷ್ಟೇ ಎಂದೆ. ನನ್ನ ದನಿ ನಡುಗಿತು. ಅವಳಿಗೂ ಅದು ಕೇಳಿಸಿತೆಂದು ಗೊತ್ತಾಯಿತು. ಬಸ್ಸು ರಿಪೇರಿಯಾದಾಗ ನಾನು ಹಿಂದೆ ಹೋಗಿ ಸಂತೆಯಿಂದ ಬರುತ್ತಿದ್ದ ಹೆಂಗಸರ ಮಧ್ಯೆ ಕೂತೆ. ಮರುದಿನವೂ ಅಲ್ಲೇ ಕೂತೆ. ಹಿಂದಿನಿಂದ ನೋಡಿದರೆ ನಮ್ಮ ಹಳೆಯ ಸೀಟಿನಲ್ಲಿ ಎರಡು ತಲೆಗಳು ಕಾಣುತ್ತಿದ್ದವು. ಒಂದರ ಜಡೆಯಲ್ಲಿ ಕನಕಾಂಬರ, ಇನ್ನೊಂದರಲ್ಲೂ ಅದೇ ದಾರದ ಕನಕಾಂಬರ. ಹಂಚಿಕೊಂಡು ಮುಡಿದಿದ್ದರು. ಆ ದಾರಿ ಎಷ್ಟು ಉದ್ದ ಎಂದು ನನಗೆ ತಿಳಿದದ್ದು ಆ ದಿನಗಳಲ್ಲಿ.

ಅಷ್ಟರಲ್ಲಿ ಆ ಪ್ರಿಂಟು ಗುಂಡ್ಲುಪೇಟೆಗೆ ಹೋಯಿತು, ಹೊಸ ಗಲಾಟೆ ಎದ್ದಿತು. ಸಂಜೆ ನಮ್ಮ ಬಸ್ಸಿಗೆ ಗುಂಡ್ಲುಪೇಟೆಯವರೂ ಕೆಲವರು ಚಾಮರಾಜನಗರಕ್ಕೆ ಹೋಗಲು ಹತ್ತುತ್ತಿದ್ದರು. ಸಿನಿಮಾ ಒಳ್ಳೆಯದು, ಕೊನೆಗೆ ಅವಳು ಬದುಕುತ್ತಾಳೆ ಎಂದು ಅವರು ಹೇಳಿದರು. ನಮ್ಮ ಕಡೆಯವರು ಇಲ್ಲ ಸಾಯುತ್ತಾಳೆ ಎಂದರು. ಒಂದೇ ಸಿನಿಮಾ, ಒಂದೇ ಪ್ರಿಂಟು. ಒಬ್ಬರು ಇನ್ನೊಬ್ಬರನ್ನು ನಿದ್ದೆ ಮಾಡಿದ್ದೀರಿ ಎಂದು ಹೀಯಾಳಿಸಿದರು. ಹಿರಿಯ ಗುಮಾಸ್ತರಿಗೂ ಗುಂಡ್ಲುಪೇಟೆಯ ಒಬ್ಬ ಮೇಷ್ಟ್ರಿಗೂ ಕೈಕೈ ಮಿಲಾಯಿಸುವಷ್ಟಾಯಿತು. ಆಗ ನರ್ಸು ಎದ್ದು ಬಂದು ನೇರ ನನ್ನ ಮುಂದೆ ನಿಂತು ಕೇಳಿದಳು. ಶನಿವಾರ ಮಧ್ಯಾಹ್ನ ಮೂವರೂ ಸೇರಿ ಗುಂಡ್ಲುಪೇಟೆಯಲ್ಲಿ ಇನ್ನೊಂದು ಸಲ ನೋಡಿಬಿಡೋಣ ಎಂದಳು. ಒಲ್ಲೆ ಎಂದರೆ ಹೆದರಿದಂತೆ ಆಗುತ್ತಿತ್ತು. ಬರುತ್ತೇನೆ ಎಂದೆ.

ಅದು ತಗಡಿನ ಶೀಟಿನ ಟಾಕೀಸು. ಶನಿವಾರದ ಜನ, ಊಟಿ ದಾರಿಯ ಲಾರಿಯವರು, ಸುಲ್ತಾನ್ ಬತ್ತೇರಿ ಕಡೆಯಿಂದ ವ್ಯಾಪಾರಕ್ಕೆ ಬಂದ ಮಲಯಾಳಿಗಳು. ಗೆಳತಿ ನಡುವೆ ಕೂತಳು. ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೆ ನರ್ಸು ಅವಳ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. ಆಗಲೇ ಒಮ್ಮೆ ಕೇಳಿದ ಕತೆಯನ್ನು ಮತ್ತೆ ಕೇಳುವುದೇನಿದೆ ಎಂದು ನನಗೆ ಒಳಗೊಳಗೇ ಕುದಿಯಿತು. ಅರ್ಧಕ್ಕೆ ನಾನೂ ಸೋಲದೆ ಇನ್ನೊಂದು ಕಿವಿಗೆ ಹೇಳತೊಡಗಿದೆ. ತಾಯಿ ಹೇಳಿದ್ದೆಲ್ಲ ನನಗೆ ನೆನಪಿತ್ತು. ಗೆಳತಿ ಎರಡು ಕಿವಿಗೂ ಕೈಯಿಟ್ಟುಕೊಂಡು, ಇಬ್ರೂ ಸುಮ್ಕಿರಿ, ನನ್ ಪಾಡಿಗೆ ನಾನ್ ನೋಡ್ತೀನಿ ಎಂದಳು.

ಕೊನೆ ಬಂತು. ಹೆಂಗಸು ಕಬ್ಬಿಣದ ಬಾಗಿಲು ಹಾಕಿಕೊಂಡಳು. ಬೆಳಕು ಹರಿಯಿತು. ಅವಳ ಮುಖದ ಮೇಲೆ ಬಿಸಿಲು ಬಿತ್ತು. ಅಷ್ಟರಲ್ಲಿ ಪರದೆ ಬಿಳಿಯಾಯಿತು, ಟಾಕೀಸಿನ ದೀಪ ಹತ್ತಿದವು. ಜನ ಖುಷಿಯಾಗಿ ಚಪ್ಪಾಳೆ ತಟ್ಟಿ ಎದ್ದರು. ಬಾಗಿಲ ಬಳಿ ಟಿಕೆಟು ಹರಿಯುವವನನ್ನು ನರ್ಸು ಹಿಡಿದು ಕೇಳಿದಳು. ಅವನು ಮುಚ್ಚುಮರೆ ಮಾಡಲಿಲ್ಲ. ಮೊದಲ ದಿನ ಜನ ಕುರ್ಚಿ ಮುರಿದರು, ಅದಕ್ಕೆ ಮಾಲೀಕರು ಕೊನೆ ತುಂಡು ಓಡಿಸಬೇಡಿ ಅಂದವರೆ, ಈಗ ಎಲ್ಲಾರೂ ನಗ್ತಾ ಓಯ್ತಾರೆ ಎಂದ.

ನರ್ಸಿನ ಮುಖ ಸಪ್ಪಗಾಯಿತು. ನಾನು ಗೆದ್ದಂತೆ ಖುಷಿಪಡಬೇಕಿತ್ತು. ಅವಳು ನಿಜ ಎನ್ನುತ್ತಿದ್ದ ಸಿನಿಮಾದ ಕೊನೆಯೇ ಮಾಯವಾಗಿತ್ತು. ಆದರೆ ಹೊರಗೆ ಕಡಲೆಕಾಯಿ ಗಾಡಿಯ ಬಳಿ ಇಬ್ಬರು ಹೆಂಗಸರು, ಸದ್ಯ ಬದುಕ್ಕಂಡ್ಲಲ್ಲ ಎಂದು ಹೇಳಿಕೊಂಡು ನಗುತ್ತಿದ್ದುದು ಕಿವಿಗೆ ಬಿದ್ದಾಗ ನನಗೆ ತಡೆಯಲಾಗಲಿಲ್ಲ. ಅವಳು ಬದುಕಲಿಲ್ಲ ಎಂದುಬಿಟ್ಟೆ. ಅವರು ತಿರುಗಿ ನೋಡಿದರು. ಹೇಳಲೇಬೇಕಾಯಿತು. ಬಿಸಿಲು ಬಿದ್ದ ಮೇಲೂ ಆ ದನಿ ಹೇಗೆ ಹೊರಡುತ್ತದೆ, ಅವಳು ಎರಡೂ ಕೈಯಿಂದ ಬಾಯಿ ಹೇಗೆ ಮುಚ್ಚಿಕೊಳ್ಳುತ್ತಾಳೆ, ಕೆರೆಯ ಮಂಜಿನ ಮೇಲೆ ಬರಿಗಾಲಲ್ಲಿ ಹೇಗೆ ನಡೆಯುತ್ತಾಳೆ, ಎಲ್ಲಾ ಹೇಳಿದೆ. ನಾಲ್ಕಾರು ಜನ ಸೇರಿದರು. ಕಡಲೆಕಾಯಿಯವನು ಹುರಿಯುವುದನ್ನು ನಿಲ್ಲಿಸಿದ. ಅವರಲ್ಲಿ ಒಬ್ಬ ಹೆಂಗಸು, ಅಂಗಾದ್ರೆ ಅದೇ ಸರಿ, ಇಲ್ದಿದ್ರೆ ಊರೇ ಆಳಾಗದು ಎಂದಳು. ಇನ್ನೊಬ್ಬಳು ಅವಳ ಮೇಲೆ ರೇಗಿ, ನಾವು ನೋಡಿದ್ದೇ ಚೆನ್ನಾಗಿತ್ತು, ಇವ್ಳು ಬಂದು ಕೆಡಿಸಿದ್ಲು ಎಂದು ಹೊರಟುಹೋದಳು.

“ಅಷ್ಟ್ ಚೆನ್ನಾಗಿ ನೋಡಿದ್ದೀಯ, ಮತ್ತೆ ಚೆನ್ನಾಗಿಲ್ಲ ಅಂತೀಯಲ್ಲ,” ಎಂದಳು ಗೆಳತಿ.

ಅವಳು ಸತ್ತದ್ದು ಸರಿ, ಅಡುಗೆಯವನನ್ನು ಸಾಯಿಸಿದ್ದು ಮಾತ್ರ ತಪ್ಪು ಎಂದೆ. ಅದರಲ್ಲಿ ನಾನು ಇವತ್ತಿಗೂ ಬದಲಾಗಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಗೆಳತಿ ಕಿಟಕಿಗೆ ತಲೆಯಾನಿಸಿ ಕೂತಳು, ನರ್ಸು ನಡುವೆ, ನಾನು ಅಂಚಿಗೆ. ಅಂದು ನರ್ಸು ತಾನಾಗಿ ಮಾತಾಡಿದಳು. ನನ್ನನ್ನು ನೋಡದೆ, ಮುಂದಿನ ಸೀಟಿನ ಕಂಬಿ ನೋಡುತ್ತಾ ಹೇಳಿದಳು. ಅವಳ ಅಪ್ಪನಿಗೆ ಕೊನೆಕೊನೆಗೆ ಕಿವಿ ಪೂರಾ ಹೋಗಿತ್ತಂತೆ. ಅವರ ಊರಿನಲ್ಲಿ ಹೊತ್ತು ಮುಳುಗಿದರೆ ಆನೆ ಬರುವುದು ಮಾಮೂಲಿ. ಒಂದು ಸಂಜೆ ಅಪ್ಪ ರಾಗಿ ಹೊಲದಲ್ಲಿದ್ದಾಗ ಊರವರೆಲ್ಲ ಕೂಗಿದರಂತೆ, ತಮಟೆ ಬಡಿದರಂತೆ. ಇವಳೂ ಮನೆಯ ಮುಂದೆ ನಿಂತು ಕೂಗಿದಳಂತೆ. ಅವರು ಬಗ್ಗಿ ಕಳೆ ಕೀಳುತ್ತಲೇ ಇದ್ದರು.

“ಮೊದ್ಲನೇ ಸಿನ್ಮಾ ನಾನು ಮೈಸೂರಲ್ಲಿ ಟ್ರೈನಿಂಗ್‌ನಲ್ಲಿದ್ದಾಗ ನೋಡ್ದೆ,” ಎಂದಳು. “ಕಿವುಡ ಅಂತ ಉಳ್ಕೊಂಡ ಅಂದ್ರು. ಮುಗ್ಯೋಕ್ ಮೊದ್ಲೇ ಎದ್ ಬಂದ್ಬುಟ್ಟೆ. ಎರಡ್ನೇದ್ರಲ್ಲಿ ನಿಜ ಏಳುದ್ರು.”

ಅವಳ ಕೈ ಮೇಲೆ ಕೈ ಇಡಬೇಕೆನಿಸಿತು, ಇಡಲಿಲ್ಲ. ಗೆಳತಿ ಕಿಟಕಿಯಿಂದ ತಿರುಗಲಿಲ್ಲ. ಅವಳಿಗೆ ಇದು ಮೊದಲೇ ಗೊತ್ತಿತ್ತು. ಹಾಗಾಗಿ ಅವಳು ಹೂಂ ಅನ್ನುತ್ತಿದ್ದಳು. ಆ ಹೊತ್ತಿನಲ್ಲಿ ನನಗಾದದ್ದು ಮರುಕ ಒಂದೇ ಆಗಿದ್ದರೆ ಚೆನ್ನಾಗಿತ್ತು. ಮರುಕವೂ ಆಯಿತು, ಅದರ ಜೊತೆಗೆ ಹೊಟ್ಟೆಕಿಚ್ಚೂ ಎದ್ದಿತು. ಒಂದು ಸಿನಿಮಾ ಇಷ್ಟಪಡಲು ಅವಳಿಗೆ ಅಷ್ಟು ದೊಡ್ಡ ಕಾರಣವಿತ್ತು. ಅದನ್ನು ಅವಳು ನನ್ನ ಗೆಳತಿಗೆ ಮೊದಲು ಹೇಳಿದ್ದಳು. ನನ್ನ ಬಳಿ ಗೆಳತಿಗೆ ಹೇಳದೆ ಉಳಿದ ಒಂದೇ ಒಂದು ಸಂಗತಿ ಇರಲಿಲ್ಲ, ಅವಳಿಂದ ಅಂಥ ಹೂಂ ಅನ್ನಿಸಿಕೊಳ್ಳುವಷ್ಟು ದೊಡ್ಡ ದುಃಖವೂ ಇರಲಿಲ್ಲ.

ಅದಾದ ಮೇಲೆ ನಾವು ಮೂವರ ಸೀಟಿಗೆ ಬಂದೆವು. ಜಗಳ ನಿಲ್ಲಲಿಲ್ಲ, ಆದರೆ ಅದರ ಖಾರ ಇಳಿಯಿತು. ಬಸ್ಸಿನವರೂ ಬೇರೆ ಮಾತಿಗೆ ಹೋದರು. ನಾನು ನರ್ಸನ್ನು ಇಷ್ಟಪಟ್ಟೆ ಎಂದು ಹೇಳಲಾರೆ. ಅವಳು ಏನಾದರೂ ತಿನ್ನಲು ತಂದರೆ ಗೆಳತಿಗೆ ಮೊದಲು ಕೊಡುತ್ತಾಳೋ ನನಗೋ ಎಂದು ನೋಡುತ್ತಲೇ ಇದ್ದೆ. ಗೆಳತಿ ರಜೆಯಲ್ಲಿ ಪುಣಜನೂರಿಗೆ ಹೋಗಿ ಬಂದಾಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನನ್ನನ್ನೂ ಕರೆದರು. ನಾನು ಕೆಲಸವಿದೆ ಎಂದೆ. ಕೆಲಸವೇನೂ ಇರಲಿಲ್ಲ.

ಮುಂದಿನ ವರ್ಷ ಗೆಳತಿಗೆ ನಂಜನಗೂಡಿನ ಕಡೆ ಗಂಡು ಗೊತ್ತಾಯಿತು. ಕುದೇರಿನಲ್ಲಿ ಅವಳ ಮನೆ ಮುಂದೆಯೇ ಚಪ್ಪರ. ನಾನು ಹಿಂದಿನ ದಿನವೇ ಹೋದೆ, ನರ್ಸು ಅದಕ್ಕೂ ಮೊದಲೇ ಬಂದು ಕೂತಿದ್ದಳು. ಜಡೆ ಹೆಣೆಯುವುದು ಅವಳ ಪಾಲಿಗೆ, ಮುತ್ತೈದೆಯರಿಗೆ ಕುಂಕುಮ ಕೊಡುವುದು ನನ್ನ ಪಾಲಿಗೆ. ಕೋಣೆಯ ಬಾಗಿಲಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತು ಅವಳ ಬೆರಳುಗಳು ಗೆಳತಿಯ ಕೂದಲಲ್ಲಿ ಓಡಾಡುವುದನ್ನು ನೋಡಿದೆ. ನನ್ನ ಕೆಲಸ ಹೆಚ್ಚಿನದೋ ಅವಳದೋ ಎಂದು ಅಳೆದೆ.

ಊಟದ ಪಂಕ್ತಿಯಲ್ಲಿ ನಾನೂ ನರ್ಸೂ ಅಕ್ಕಪಕ್ಕ ಕೂರಬೇಕಾಯಿತು. ಎದುರಿಗೆ ಮದುಮಗ ತನ್ನ ಗೆಳೆಯರ ಜೊತೆ ನಗುತ್ತಿದ್ದ. ನರ್ಸು ಪಾಯಸ ಕಲಸುತ್ತಾ, ನಿನ್ನೆ ಸಂಜೆ ಮಾತಾಡಿಸಿದೆ, ಇಂಗ್ಲಿಷ್ ಸಿನಿಮಾ ನೋಡುವುದೇ ಇಲ್ಲವಂತೆ ಎಂದಳು. ಅಂಥವನ ಜೊತೆ ಅವಳು ಏನು ಮಾತಾಡುತ್ತಾಳೆ ಎಂದೆ. ಅವನ ಮೀಸೆ ಒಂದು ಕಡೆ ಮೇಲಿದೆ ಎಂದಳು. ನಗುವಾಗ ವಸಡು ಕಾಣುತ್ತದೆ ಎಂದೆ. ಅವಳು ನನ್ನ ಕಡೆ ತಿರುಗಿ ನೋಡಿದಳು. ಇಬ್ಬರಿಗೂ ನಗು ಬಂತು, ನೆತ್ತಿ ಹತ್ತುವಷ್ಟು. ಬಡಿಸುವವರು ನೀರು ತಂದುಕೊಟ್ಟರು. ಅಂದು ಅವನ ಬಗ್ಗೆ ನಾವು ಏನೇನು ಹೇಳಿದೆವೋ ಅದರಲ್ಲಿ ಒಂದೂ ನಿಜವಿರಲಿಲ್ಲ, ಒಳ್ಳೆಯ ಮನುಷ್ಯ ಅವನು. ಊಟ ಮುಗಿಸಿ ಗೆಳತಿಗೆ ಹೇಳಿ, ಚಾಮರಾಜನಗರದ ಬಸ್ಸು ಹಿಡಿದೆವು. ಬಸ್ಸು ತುಂಬಿತ್ತು. ಒಂದೇ ಸೀಟಿತ್ತು. ನೀನು ಕೂರು ಎಂದಳು ನರ್ಸು. ನಾನು ಕೂತು, ಅವಳ ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ.